ನಿಲ್ಲಬೇಕಿತ್ತು, ಎರಡಾದವು

ಕೊರೋನಾದ ಎರಡನೆಯ ಅಲೆ ಇಳಿದ ವರ್ಷ ನಾನು ಧಾರವಾಡದಲ್ಲಿ ಸಂಶೋಧನೆಗೆ ಸೇರಿದೆ. ಅಲೆ ಇಳಿದಿತ್ತು, ಮುಖದ ಮೇಲಿನ ಬಟ್ಟೆ ಇನ್ನೂ ಇಳಿದಿರಲಿಲ್ಲ. ಆಗ ನನಗೆ ಮೂವತ್ತೊಂದು. ಅದಕ್ಕೂ ಮೊದಲು ಹುಬ್ಬಳ್ಳಿಯ ಒಂದು ಪಿಯು ಕಾಲೇಜಿನಲ್ಲಿ ಆರು ವರ್ಷ ಜೀವಶಾಸ್ತ್ರ ಕಲಿಸಿದ್ದೆ. ಪ್ರತಿ ವರ್ಷ ಅದೇ ತಿಂಗಳು, ಅದೇ ಬೋರ್ಡಿನ ಮೇಲೆ, ಜೀವಕೋಶ ಎರಡಾಗುವ ಅದೇ ಚಿತ್ರ ಬರೆಯುತ್ತಿದ್ದೆ. ಕೊನೆಯ ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದುನಿಂತು, ಎರಡಾಗುವ ಹೊತ್ತು ಬಂತು ಎಂದು ಕೋಶಕ್ಕೆ ಗೊತ್ತಾಗುವುದಾದರೂ ಹೇಗೆ ಎಂದು ಕೇಳಿದಳು. ಪುಸ್ತಕದಲ್ಲಿದ್ದ ಎರಡು ಸಾಲು ಓದಿ ಹೇಳಿದೆ. ಅವಳು ಕುಳಿತಳು. ಉತ್ತರ ಸಿಕ್ಕಿಲ್ಲವೆಂಬುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅಮ್ಮಿನಬಾವಿಯಿಂದ ಬೆಳಗಿನ ಏಳರ ಬಸ್ಸು ಹಿಡಿದು ದಿನವೂ ಬರುತ್ತಿದ್ದೆ. ಕಿಟಕಿಗೆ ತಲೆ ಆನಿಸಿದರೆ ಸಾಕು, ಅರೆನಿದ್ದೆ. ಕರಿ ಎರೆಹೊಲಗಳ ಮೇಲೆ ಬಿಳಿ ಮಂಜು ಮೊಣಕಾಲೆತ್ತರ ನಿಂತಿರುತ್ತಿತ್ತು. ಕಡಲೆ ಕೀಳುವ ಹೆಂಗಸರ ಸೊಂಟದ ಮೇಲಿನ ಮೈ ಮಾತ್ರ ಕಾಣುತ್ತಿತ್ತು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಮಣ್ಣು ಕೆಂಪಾಗಿರುತ್ತಿತ್ತು, ಊರು ಬಂದಿರುತ್ತಿತ್ತು. ನಡುವಿನ ದಾರಿ ಎಲ್ಲಿ ಹೋಯಿತೆಂದು ನನಗೆ ಯಾವತ್ತೂ ತಿಳಿಯಲಿಲ್ಲ.

ನಮ್ಮ ಪ್ರಯೋಗಾಲಯ ಹಳೆಯ ಕಲ್ಲಿನ ಕಟ್ಟಡದ ಮೊದಲ ಮಹಡಿಯಲ್ಲಿ, ಕೊಟ್ಟಕೊನೆಯ ಕೋಣೆ. ಒಳಗೆ ಕಾಲಿಟ್ಟರೆ ಹುಳಿಬಂದ ಹಿಟ್ಟಿನ ಹಾಗೆ ಬೆಚ್ಚಗಿನ ವಾಸನೆ. ನನ್ನ ಮಾರ್ಗದರ್ಶಕಿ, ನಾವು ಬರೀ ಮೇಡಂ ಎನ್ನುತ್ತಿದ್ದವರು, ನಿವೃತ್ತಿಗೆ ಮೂರು ವರ್ಷ ಉಳಿದಿದ್ದ ತೆಳ್ಳನೆಯ ಹೆಂಗಸು. ಮದುವೆಯಾಗಿರಲಿಲ್ಲ. ಕೆಲಗೇರಿಯಲ್ಲಿ ಅವರ ತಂದೆ ಕಟ್ಟಿಸಿದ ಮನೆಯಲ್ಲಿ ಒಬ್ಬರೇ ಇದ್ದರು. ಅವರ ಮನೆತನವೆಲ್ಲ ಸಾಲಿ ಮಾಸ್ತರರದು. ಅವರ ಮಾತೂ ಹಾಗೆಯೇ, ಮೆತ್ತಗೆ, ಒಂದೊಂದು ಅಕ್ಷರ ಬಿಡಿಸಿ ಇಟ್ಟ ಹಾಗೆ.

ಅವರು ಇಡೀ ಆಯುಷ್ಯ ನೋಡಿದ್ದು ಒಂದೇ ಜೀವಿಯನ್ನು. ಅದೊಂದು ಯೀಸ್ಟು, ಆಫ್ರಿಕಾದ ಕಡೆ ಕಿರುಧಾನ್ಯದ ಹೆಂಡದಲ್ಲಿ ಮೊದಲು ಸಿಕ್ಕಿದ್ದಂತೆ. ಸೂಕ್ಷ್ಮದರ್ಶಕದ ಕೆಳಗೆ ಗುಳಿಗೆಯಾಕಾರದ ಉದ್ದನೆಯ ಕೋಶಗಳು. ಅವು ದಪ್ಪವಾಗುವುದಿಲ್ಲ, ಉದ್ದವಾಗುತ್ತವೆ. ಒಂದು ಉದ್ದಕ್ಕೆ ಬಂದ ಮೇಲೆ ನಟ್ಟನಡುವೆ ಗೋಡೆಯೊಂದು ಬೀಳುತ್ತದೆ, ಒಂದಿದ್ದದ್ದು ಎರಡಾಗುತ್ತದೆ.

ಮೊದಲ ವಾರ ಮೇಡಂ ಬೋರ್ಡಿನ ಮೇಲೆ ಏನೂ ಬರೆಯಲಿಲ್ಲ. ಮೇಜಿನ ಮೇಲೆ ಕೈಯಿಟ್ಟುಕೊಂಡು ಹೇಳಿದರು. ಪ್ರತಿ ಕೋಶದೊಳಗೂ ಅದನ್ನು ಎರಡಾಗುವುದಕ್ಕೆ ಹೊರಡಿಸುವ ಒಂದು ಕಿಣ್ವ ಇರುತ್ತದೆ. ಕೋಶ ಬೆಳೆಯುವಾಗಲೂ ಅದು ಒಳಗೇ ಇರುತ್ತದೆ, ಆದರೆ ಸುಮ್ಮನೆ. ಏಕೆಂದರೆ ಎರಡನೆಯ ಕಿಣ್ವವೊಂದು ಅದರ ಮೈಮೇಲೆ ಗೊತ್ತಾದ ಒಂದು ಜಾಗದಲ್ಲಿ ಫಾಸ್ಫೇಟಿನ ಸಣ್ಣ ತುಣುಕನ್ನು ಹಚ್ಚಿರುತ್ತದೆ. ಆ ತುಣುಕು ಇರುವ ತನಕ ಅದಕ್ಕೆ ಕೆಲಸ ಸಾಗದು. ಕೋಶ ಸಾಕಷ್ಟು ಬೆಳೆದ ಮೇಲೆ ಮೂರನೆಯ ಕಿಣ್ವ ಆ ತುಣುಕನ್ನು ತೆಗೆಯುತ್ತದೆ. ಅಲ್ಲಿಗೆ ತಡೆ ಹೋಯಿತು.

ನನಗೆ ವಿಚಿತ್ರವೆನಿಸಿದ್ದು ಇನ್ನೊಂದು ಸಂಗತಿ. ಅದೇ ಮೊದಲ ಕಿಣ್ವದ ಮೈಮೇಲೆ ಬೇರೊಂದು ಜಾಗದಲ್ಲಿ ಅದೇ ಫಾಸ್ಫೇಟು ಕೂರದಿದ್ದರೆ ಅದಕ್ಕೆ ಕೆಲಸ ಮಾಡಲು ಬರುವುದೇ ಇಲ್ಲ. ತುಣುಕು ಒಂದೇ. ಇಲ್ಲಿ ಕೂತರೆ ತಡೆಯುತ್ತದೆ, ಅಲ್ಲಿ ಕೂತರೆ ಸಜ್ಜು ಮಾಡುತ್ತದೆ.

ಸ್ವಲ್ಪ ತೆಗೆದರೆ ಅರ್ಧ ಎರಡಾದೀತೇ ಎಂದು ಕೇಳಿದ್ದೆ. ಮೇಡಂ ನಕ್ಕರು. ಅರ್ಧ ಎಂಬುದು ಅಲ್ಲಿ ಇಲ್ಲವಂತೆ. ಒಂದಿಷ್ಟು ಎಚ್ಚರವಾದ ಮೊದಲ ಕಿಣ್ವ ತಾನೇ ಹೋಗಿ ತೆಗೆಯುವ ಕಿಣ್ವವನ್ನು ಚುರುಕು ಮಾಡುತ್ತದೆ, ಹಚ್ಚುವ ಕಿಣ್ವವನ್ನು ಸುಮ್ಮನಾಗಿಸುತ್ತದೆ, ಅದೂ ಫಾಸ್ಫೇಟು ಕೂರಿಸಿಯೇ. ಹಾಗಾಗಿ ಹೊರಟ ಕೋಶ ನಡುದಾರಿಯಲ್ಲಿ ನಿಲ್ಲುವುದು ಕಷ್ಟ.

ನನಗೆ ಕೊಟ್ಟ ತಳಿಯಲ್ಲಿ ತೆಗೆಯುವ ಕಿಣ್ವ ದುರ್ಬಲವಾಗಿತ್ತು. ಇಪ್ಪತ್ತೈದು ಡಿಗ್ರಿಯಲ್ಲಿ ಸರಿಯಾಗಿ ಕೆಲಸ ಮಾಡುತ್ತಿತ್ತು, ಮೂವತ್ತಾರಕ್ಕೆ ಏರಿಸಿದರೆ ಕೆಡುತ್ತಿತ್ತು. ನಾಲ್ಕು ತಾಸು ಬಿಸಿಯಲ್ಲಿಟ್ಟರೆ ಎಲ್ಲ ಕೋಶಗಳೂ ಒಂದೇ ಹಂತಕ್ಕೆ ಬಂದು ನಿಂತುಬಿಡುತ್ತಿದ್ದವು. ಎರಡಾಗಲಾರದೆ ಸುಮ್ಮನೆ ಉದ್ದವಾಗುತ್ತಿದ್ದವು. ಮತ್ತೆ ಇಪ್ಪತ್ತೈದಕ್ಕೆ ಇಳಿಸಿ, ಹತ್ತು ಹತ್ತು ನಿಮಿಷಕ್ಕೊಮ್ಮೆ ಒಂದು ಹನಿ ತೆಗೆದು ಗಾಜಿನ ಮೇಲಿಟ್ಟು ನೋಡಬೇಕು. ಬಹಳ ಹೊತ್ತು ಏನೂ ಇಲ್ಲ. ತಾಸು ಕಳೆದ ಮೇಲೆ ಒಂದರಲ್ಲಿ ತೆಳ್ಳನೆಯ ಗೆರೆ, ಆಮೇಲೆ ಮೂರರಲ್ಲಿ, ಆಮೇಲೆ ನೋಡಿದಲ್ಲೆಲ್ಲ. ಸಾವಿರಾರು ಕೋಶಗಳು ಒಟ್ಟಿಗೆ, ಸದ್ದಿಲ್ಲದೆ, ನಡುವೆ ಗೋಡೆ ಎಳೆದುಕೊಳ್ಳುತ್ತಿದ್ದವು. ಮೊದಲ ಸಲ ಅದನ್ನು ನೋಡಿದ ದಿನ ಕಣ್ಣು ತೆಗೆದಾಗ ಕೋಣೆ ದೊಡ್ಡದಾಗಿತ್ತು, ಕಿಟಕಿಯಾಚೆಯ ಮಳೆಮರ ದೂರ ಸರಿದಿತ್ತು. ನನ್ನ ಕೈ ನನ್ನದೆನಿಸಲು ಸ್ವಲ್ಪ ಹೊತ್ತು ಬೇಕಾಯಿತು.

ಮನೆಯಲ್ಲಿ ಅವ್ವ ದಿನವಿಡೀ ಅಲ್ಲಿ ಏನು ಮಾಡುತ್ತೀ ಎಂದು ಕೇಳುತ್ತಿದ್ದಳು. ನೋಡುತ್ತೇನೆ ಎಂದರೆ ಅವಳಿಗೆ ಸಮಾಧಾನವಾಗುತ್ತಿರಲಿಲ್ಲ. ನೋಡುವುದಕ್ಕೆ ಯಾರಾದರೂ ಸಂಬಳ ಕೊಡುತ್ತಾರೇನು ಎಂದು ರೊಟ್ಟಿ ಬಡಿಯುತ್ತಲೇ ಗೊಣಗುತ್ತಿದ್ದಳು.

ಮೊದಲ ವರ್ಷ ಹೀಗೆ ಕಳೆಯಿತು. ಎರಡನೆಯ ವರ್ಷ ನನ್ನೊಳಗೆ ಒಂದು ಅಸಮಾಧಾನ ಸೇರಿಕೊಂಡಿತು. ಮೇಡಂ ಸೂಕ್ಷ್ಮದರ್ಶಕದ ಮುಂದೆ ಕೂರುತ್ತಲೇ ಇರಲಿಲ್ಲ. ನೀನೇ ನೋಡು, ನೋಡಿದ್ದು ಹೇಳು ಎನ್ನುತ್ತಿದ್ದರು. ತೆಗೆದ ಚಿತ್ರಗಳನ್ನು ಗಣಕದಲ್ಲಿ ತೋರಿಸಿದರೆ ಮುಖ ಒಂದು ಬದಿಗೆ ತಿರುಗಿಸಿ, ಛಲೋ ಬಂದಾವ ಎಂದು ಎದ್ದುಹೋಗುತ್ತಿದ್ದರು. ಒಂದು ಸಲ ಬೇಕೆಂದೇ ಮಸುಕಾದ ಚಿತ್ರ ತೋರಿಸಿದೆ. ಕೋಶವೋ ಧೂಳೋ ತಿಳಿಯದಂಥದ್ದು. ಅದಕ್ಕೂ ಛಲೋ ಬಂದಾವ ಎಂದರು.

ಪಕ್ಕದ ಪ್ರಯೋಗಾಲಯದಲ್ಲಿ ನನ್ನ ಗೆಳತಿಯೊಬ್ಬಳಿದ್ದಳು. ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತಾಗ ಅವಳಿಗೆ ಹೇಳಿದೆ: ನಮ್ಮ ಮೇಡಂಗೆ ಈಗ ಕೆಲಸದ ಮೇಲೆ ಮನಸ್ಸಿಲ್ಲ, ಪಿಂಚಣಿ ದಿನ ಎಣಿಸುತ್ತಿದ್ದಾರೆ, ನನ್ನ ಪ್ರಬಂಧದ ಗತಿ ಏನೋ. ಮೇಡಂ ಮುಖ ಓರೆ ಮಾಡಿ ನೋಡುವುದನ್ನು ಮಾಡಿ ತೋರಿಸಿದೆ. ಅವಳು ನಕ್ಕಳು. ನಾನೂ ನಕ್ಕೆ.

ಅದಾಗಿ ಕೆಲವು ದಿನಕ್ಕೆ, ಮಾರ್ಚ್ ತಿಂಗಳಲ್ಲಿ, ಕೋಶ ಹರಡಿ ಬೆಳೆಸುವ ನನ್ನ ಪ್ಲೇಟುಗಳಲ್ಲಿ ಆಗಬಾರದ್ದು ಆಯಿತು. ಮೂವತ್ತಾರು ಡಿಗ್ರಿಯ ಪೆಟ್ಟಿಗೆಯಲ್ಲಿಟ್ಟ ಪ್ಲೇಟಿನ ಮೇಲೆ ಏನೂ ಬೆಳೆಯಕೂಡದು, ಕೋಶಗಳು ನಿಲ್ಲಬೇಕು. ಸೋಮವಾರ ತೆಗೆದು ನೋಡಿದರೆ ಐದು ಬಿಳಿ ಚುಕ್ಕೆ. ಒಂದೊಂದು ಚುಕ್ಕೆಯಲ್ಲೂ ಲಕ್ಷಗಟ್ಟಲೆ ಕೋಶ. ಭಾನುವಾರ ಕರೆಂಟು ಹೋಗಿ ಪೆಟ್ಟಿಗೆ ತಣ್ಣಗಾಗಿರಬೇಕೆಂದು ಆ ಪ್ಲೇಟನ್ನು ಎಸೆದೆ. ಮತ್ತೆ ಹರಡಿ ಇಟ್ಟೆ. ಕರೆಂಟು ಹೋಗಲಿಲ್ಲ, ಪೆಟ್ಟಿಗೆ ಪಕ್ಕದಲ್ಲೇ ಕೂತು ಬಿಸಿ ಎಷ್ಟೆಂದು ಬರೆದುಕೊಂಡೆ. ನಾಲ್ಕನೆಯ ದಿನ ಮತ್ತೆ ಮೂರು ಚುಕ್ಕೆ.

ತಳಿ ಕೆಟ್ಟಿದೆ, ಎಲ್ಲಿಂದಲೋ ಬೇರೆ ಜೀವಿ ಸೇರಿಕೊಂಡಿದೆ ಎಂದು ತೀರ್ಮಾನಿಸಿ ಪ್ಲೇಟು ಹಿಡಿದು ಮೇಡಂ ಕೋಣೆಗೆ ಹೋದೆ. ಮಧ್ಯಾಹ್ನ ಮೂರರ ಹೊತ್ತು. ಪರದೆ ಅರ್ಧ ಎಳೆದಿತ್ತು. ಅವರು ಕಿಟಕಿಗೆ ಬೆನ್ನು ಮಾಡಿ ಕೂತಿದ್ದರು.

"ತಳಿ ಕೆಟ್ಟೈತ್ರಿ ಮೇಡಂ. ಮೂರು ತಿಂಗಳಿಂದು ಎಲ್ಲಾ ಹೋತು."

"ಎಸದ್ಯಾ?"

"ಒಂದು ಎಸದೇನ್ರಿ. ಇದನ್ನೂ ಎಸೀತೇನಿ."

"ಎಸೀಬ್ಯಾಡ. ಗಾಜಿನ ಮ್ಯಾಲ ಹಾಕಿ ನೋಡು."

ನನಗೆ ಸಿಟ್ಟು ಬಂತು. ಮತ್ತೆ ನಾನೇ ನೋಡಬೇಕು. ಬಲಗಡೆಯ ಮೇಜಿನ ಮೇಲೆ ಅವರದೇ ಹಳೆಯ ಸೂಕ್ಷ್ಮದರ್ಶಕವಿತ್ತು. ಸ್ಲೈಡು ಮಾಡಿ ಅದರ ಮೇಲಿಟ್ಟು, ನಾನು ಕೂರದೆ ಬದಿಗೆ ನಿಂತು, "ನೀವ ಒಂದು ಸಲ ನೋಡ್ರಿ" ಎಂದೆ. ದನಿ ಗಡುಸಾಗಿತ್ತು. ಅವರು ಎದ್ದು ಬಂದು ಕೂತರು. ಕನ್ನಡಕ ತೆಗೆದಿಟ್ಟು ಕಣ್ಣು ಹಚ್ಚಿದರು. ಬಲಗೈ ರೂಢಿಯಿಂದ ತಾನಾಗಿಯೇ ತಿರುಪಿನ ಮೇಲೆ ಹೋಯಿತು. ತಿರುಗಿಸಿದರು, ಇನ್ನೂ ತಿರುಗಿಸಿದರು. ಮಸೂರ ಕೆಳಗಿಳಿಯುತ್ತಿರುವುದನ್ನು ನಾನು ಬದಿಯಿಂದ ನೋಡುತ್ತಿದ್ದೆ. ಸಾಕು ಎನ್ನಬೇಕಿತ್ತು. ಅನ್ನುವುದರೊಳಗೆ ಚಿಟ್ ಎಂದು ಸ್ಲೈಡಿನ ಮೇಲಿನ ತೆಳುಗಾಜು ಒಡೆಯಿತು.

ಮೇಡಂ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು. ಹೊರಗೆ ಯಾರೋ ಬೈಕು ಚಾಲೂ ಮಾಡಿ ಹೋದರು.

"ನನಗ ನಡುವ ಏನೂ ಕಾಣೂದಿಲ್ಲ ತಂಗಿ," ಎಂದರು. "ಸುತ್ತಲಿಂದು ಕಾಣ್ತದ. ನೋಡಬೇಕಂತ ಯಾವುದಕ್ಕ ಕಣ್ಣ ಹಾಕ್ತೇನೋ, ಅದಷ್ಟ ಇರೂದಿಲ್ಲ."

ಒಂದೂವರೆ ವರ್ಷವಾಗಿತ್ತಂತೆ. ಹುಬ್ಬಳ್ಳಿಯ ಕಣ್ಣಿನ ವೈದ್ಯರು ಇದು ವಯಸ್ಸಿನ ಬೇನೆ, ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಕಾಯಬೇಕು ಎಂದಿದ್ದರಂತೆ. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ವಿದ್ಯಾರ್ಥಿಗಳನ್ನು ಬೇರೆಯವರಿಗೆ ಕೊಟ್ಟುಬಿಡುತ್ತಾರೆಂಬ ಹೆದರಿಕೆ. ಆ ಮಸುಕು ಚಿತ್ರವೂ ನೆನಪಾಯಿತು, ಬುತ್ತಿ ಮುಂದಿನ ನನ್ನ ನಗೆಯೂ. ಒಡೆದ ಚೂರುಗಳನ್ನು ಕಾಗದಕ್ಕೆ ಎತ್ತಿಕೊಳ್ಳುತ್ತ ನಿಂತೆ.

"ಇನ್ನೊಂದು ಸ್ಲೈಡ ಮಾಡು," ಎಂದರು. ಈಗ ಅವರ ದನಿ ಹಗುರವಾಗಿತ್ತು.

ಮಾಡಿಕೊಂಡು ಬಂದೆ. ಅವರು ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕಣ್ಣು ಮುಚ್ಚಿದರು. ಏನು ಕಾಣುತ್ತದೆ ಎಂದು ಕೇಳಿದರು. ಗಿಡ್ಡ ಗಿಡ್ಡ ಕೋಶಗಳು ಎಂದೆ. ಬರೀ ಗಿಡ್ಡ ಅನ್ನಬೇಡ, ಎಷ್ಟು ಗಿಡ್ಡ ಹೇಳು ಎಂದರು. ಮಾಪಕದ ಗೆರೆಗೆ ಹೊಂದಿಸಿ ಎಣಿಸಿದೆ. ಸಾಮಾನ್ಯ ಕೋಶ ಎರಡಾಗುವ ಉದ್ದದ ಸುಮಾರು ಅರ್ಧದಲ್ಲೇ ಇವು ಎರಡಾಗುತ್ತಿದ್ದವು. ಬದಿಗೆ ಮೊಗ್ಗು ಬಿಟ್ಟ ಹಾಗೆ ಬೆಳೆದಿವೆಯೇ ಎಂದು ಕೇಳಿದರು. ಹಾಗಿದ್ದರೆ ಅದು ಬೇರೆ ಜಾತಿಯ ಯೀಸ್ಟು. ಇರಲಿಲ್ಲ. ಗೋಡೆ ನಟ್ಟನಡುವೆಯೇ ಬಿದ್ದಿತ್ತು. ತುದಿಗಳು ದುಂಡಗೆ, ಎರಡೂ ಕಡೆ ಸಮ. ಎಲ್ಲವನ್ನೂ ಹೇಳುತ್ತ ಹೋದೆ. ಎರಡು ವರ್ಷದಲ್ಲಿ ನಾನು ಅಷ್ಟು ಗಮನವಿಟ್ಟು ಯಾವುದನ್ನೂ ನೋಡಿರಲಿಲ್ಲ. ಹೇಳಬೇಕಾಗಿದ್ದರಿಂದ ಕಾಣಿಸುತ್ತಿತ್ತು. ಬೆಳಕು ಮೇಜಿನಿಂದ ಗೋಡೆಗೆ, ಗೋಡೆಯಿಂದ ಕಪಾಟಿನ ಬಾಗಿಲಿಗೆ ಸರಿಯಿತು. ಚಹಾ ತಂದಿಟ್ಟವರು ಯಾರೆಂದು ಇಬ್ಬರೂ ನೋಡಲಿಲ್ಲ.

"ಅಂದ್ರ ನಮ್ಮ ಯೀಸ್ಟ ಅದು," ಮೇಡಂ ಕಣ್ಣು ತೆರೆಯದೆಯೇ ಹೇಳಿದರು. "ತೆಗಿಯೂ ಕಿಣ್ವ ಕೆಟ್ಟದ. ಆದರೂ ಎರಡಾಗ್ಲಿಕ್ಕತ್ತಾವ. ಹೆಂಗ? ನೀನ ಹೇಳು."

ಉತ್ತರ ಬಾಯಿಗೆ ಬರುವ ಮೊದಲೇ ಮೈಗೆ ಬಂತು. ತೋಳಿನ ಮೇಲೆ ಮುಳ್ಳೆದ್ದವು.

"ಹಚ್ಚೂ ಕಿಣ್ವನೂ ಕೆಟ್ಟಿರಬೇಕ್ರಿ."

"ಹಚ್ಚಲಿಲ್ಲ ಅಂದ ಮ್ಯಾಲ ತೆಗೀಲಿಕ್ಕೆ ಏನದ?" ಎಂದು ಮೇಡಂ ಮೆಲ್ಲಗೆ ನಕ್ಕರು.

ಲಕ್ಷಾಂತರ ಕೋಶಗಳಲ್ಲಿ ಯಾವುವೋ ಮೂರು-ನಾಲ್ಕರಲ್ಲಿ, ಯಾರೂ ಕೇಳದೆ, ಎರಡನೆಯದೊಂದು ಕೆಡುಕು ಹುಟ್ಟಿಕೊಂಡಿತ್ತು. ತಡೆಯುವುದಕ್ಕೆ ಯಾರೂ ಇಲ್ಲದ್ದರಿಂದ ಅವು ಬೆಳೆಯುವ ತನಕ ಕಾಯದೆ ಚಿಕ್ಕವಿರುವಾಗಲೇ ಎರಡಾಗುತ್ತಿದ್ದವು. ಅದಕ್ಕೇ ಗಿಡ್ಡ. ಒಂದು ಕೆಡುಕಿದ್ದಾಗ ಸಾಯಬೇಕಾಗಿದ್ದ ಜೀವ ಎರಡು ಕೆಡುಕಿನಿಂದ ಉಳಿದಿತ್ತು.

ಊಹೆ ಸಾಲದು, ತೋರಿಸಬೇಕು ಎಂದರು ಮೇಡಂ. ಆ ಗಿಡ್ಡ ಕೋಶಗಳನ್ನು ಸಾಮಾನ್ಯ ತಳಿಯೊಂದಿಗೆ ಕೂಡಿಸಿ, ಹುಟ್ಟಿದ ಬೀಜಕಗಳನ್ನು ಒಂದೊಂದಾಗಿ ಬಿಡಿಸಿ ಬೆಳೆಸಿದೆ. ಮೂರು ವಾರ ಹಿಡಿಯಿತು. ಆ ಮೂರು ವಾರ ಬಸ್ಸಿನಲ್ಲಿ ಕಣ್ಣು ಮುಚ್ಚಿದರೆ ರೆಪ್ಪೆಯೊಳಗೆ ಗುಳಿಗೆಗಳು ತೇಲುತ್ತಿದ್ದವು. ಕನಸಿನಲ್ಲಿ ಒಂದು ದಿನ ನಮ್ಮ ಹೊಲದ ಬದುವಿನ ಉದ್ದಕ್ಕೂ ಅವು ಮಲಗಿದ್ದವು, ಆಳೆತ್ತರ, ತೆಳ್ಳನೆಯ ಬೆಳಕಿನ ಗೋಡೆ ಒಂದೊಂದರ ನಡುವೆ ಇಳಿಯುತ್ತಿತ್ತು. ಅವ್ವ ಬಂದು ಎಬ್ಬಿಸಿದಾಗ ಬಸ್ಸಿನ ಹೊತ್ತು ಮೀರಿತ್ತು.

ಕೊನೆಗೆ ಎರಡು ಕೆಡುಕುಗಳೂ ಬೇರೆ ಬೇರೆಯಾಗಿ ಹೊರಬಂದವು. ಕೆಲವು ಬೀಜಕಗಳು ಬಿಸಿಯಲ್ಲಿ ನಿಂತು ಉದ್ದವಾದವು, ಕೆಲವು ಬಿಸಿಯಿರಲಿ ತಂಪಿರಲಿ ಗಿಡ್ಡವಾಗಿಯೇ ಎರಡಾದವು, ಕೆಲವಕ್ಕೆ ಎರಡೂ ಇದ್ದವು, ಕೆಲವಕ್ಕೆ ಏನೂ ಇರಲಿಲ್ಲ. ಮೇಡಂ ಹೇಳಿದ್ದೇ ನಿಜವಾಯಿತು. ಆದರೆ ಅದು ಹೊಸ ಶೋಧವಲ್ಲ. ನಾನು ಹುಟ್ಟುವ ಮೊದಲೇ ಬೇರೆ ದೇಶದಲ್ಲಿ ಬೇರೆಯವರು ಕಂಡುಕೊಂಡದ್ದೇ. ಅದು ಮೇಡಂಗೆ ಸ್ಲೈಡು ನೋಡಿದ ಮಧ್ಯಾಹ್ನವೇ ಗೊತ್ತಿತ್ತು. ನನಗೆ ಹೇಳಿರಲಿಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, ಹೇಳಿದ್ದರೆ ನೀನು ಓದುತ್ತಿದ್ದೆ, ನೋಡುತ್ತಿರಲಿಲ್ಲ ಎಂದರು. ನನಗೆ ಸ್ವಲ್ಪವೂ ಬೇಸರವಾಗಲಿಲ್ಲ.

ಏಪ್ರಿಲ್‌ನಲ್ಲಿ ಮೇಡಂ ವಿಭಾಗದ ಮುಖ್ಯಸ್ಥರಿಗೆ ಕಣ್ಣಿನ ವಿಷಯ ಹೇಳುವುದೆಂದು ನಿರ್ಧರಿಸಿದರು. ಜೊತೆಗೆ ಬಾ ಎಂದರು. ಕಾರಿಡಾರಿನಲ್ಲಿ ನನ್ನ ಮೊಣಕೈ ಹಿಡಿದು ನಡೆದರು; ಅದೇ ಮೊದಲು. ಒಳಗೆ ಹತ್ತು ನಿಮಿಷ ಮಾತು. ಮುಖ್ಯಸ್ಥರು ಬಹಳ ಹೊತ್ತು ಪೇಪರ್‌ವೇಟು ತಿರುಗಿಸಿದರು. ಆಮೇಲೆ ಕಾಗದದ ಮೇಲೆ ಇನ್ನೊಬ್ಬ ಮಾರ್ಗದರ್ಶಕರ ಹೆಸರು ಸೇರಿಸುವುದು, ಹೊಸ ವಿದ್ಯಾರ್ಥಿಗಳನ್ನು ಕೊಡದಿರುವುದು, ನನ್ನನ್ನು ಮಾತ್ರ ಮೇಡಂ ಬಳಿಯೇ ಬಿಡುವುದು ಎಂದಾಯಿತು. ಮೇಡಂ ಹೆದರಿದಷ್ಟು ಕೆಟ್ಟದಾಗಲಿಲ್ಲ. ಹೊರಬಂದು ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು.

"ಒಂದೂವರೆ ವರ್ಷ ಸುಮ್ಮನ ಹೊತಗೊಂಡು ತಿರುಗ್ದೆ ನೋಡು," ಎಂದರು.

ಗೆಳತಿಯ ಮುಂದೆ ಅವರನ್ನು ಅಣಕಿಸಿದ್ದನ್ನು ಆಗಲೇ ಹೇಳಿಬಿಡಬೇಕೆಂದಿದ್ದೆ. ಹೇಳಲಿಲ್ಲ. ಇಂದಿನ ತನಕ ಹೇಳಿಲ್ಲ.

ಪ್ರಬಂಧ ಬರೆಯುವ ಹೊತ್ತಿಗೆ ಅವರು ನಿವೃತ್ತರಾಗಿದ್ದರು. ಕೆಲಗೇರಿಯ ಮನೆಗೆ ವಾರಕ್ಕೆ ಎರಡು ದಿನ ಹೋಗಿ, ಬರೆದದ್ದನ್ನು ಪಡಸಾಲೆಯಲ್ಲಿ ಕೂತು ಓದಿ ಹೇಳುತ್ತಿದ್ದೆ. ಕೆರೆಯ ಮೇಲಿಂದ ತಂಪು ಗಾಳಿ ಬರುತ್ತಿತ್ತು, ಹಾಳೆಗಳ ಮೇಲೆ ಸಣ್ಣ ಕಲ್ಲು ಇಡಬೇಕಾಗುತ್ತಿತ್ತು. ತಪ್ಪಿದ ಜಾಗ ಅವರಿಗೆ ಕಿವಿಯಲ್ಲೇ ತಿಳಿಯುತ್ತಿತ್ತು. ಒಂದು ಸಂಜೆ ನಡುವೆ ಓದು ನಿಲ್ಲಿಸಿ, ನಿನ್ನ ಮುಖ ನಾನು ಸರಿಯಾಗಿ ನೋಡಿಯೇ ಇಲ್ಲ ಎಂದರು. ನಾನು ಸೇರಿದಾಗ ಎಲ್ಲರ ಮುಖಕ್ಕೂ ಬಟ್ಟೆಯಿತ್ತು. ಬಟ್ಟೆ ಹೋಗುವ ಹೊತ್ತಿಗೆ ಅವರ ಕಣ್ಣು ಹೋಗಿತ್ತು. ಹೇಗಿದ್ದೀ ಹೇಳು ಎಂದರು. ನಾನು ಹೇಳಲು ಹೊರಟು, ಮೂಗು ಅವ್ವನದು, ಹಣೆ ಅಗಲ ಎಂಬಲ್ಲಿಗೆ ತಡವರಿಸಿದೆ. ಕೋಶಗಳನ್ನು ನೀನು ಇದಕ್ಕಿಂತ ಛಲೋ ಹೇಳುತ್ತಿದ್ದೆ ಎಂದು ನಕ್ಕರು.

ಮೌಖಿಕ ಪರೀಕ್ಷೆಯ ದಿನ ಅವ್ವನೂ ಬಂದಳು, ಕಡಕ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಕಟ್ಟಿಕೊಂಡು. ಹೊರಗಿನಿಂದ ಬಂದ ಪರೀಕ್ಷಕರು, ಆ ಬಿಳಿ ಚುಕ್ಕೆಗಳ ಅಧ್ಯಾಯ ಯಾಕೆ ಹಾಕಿದ್ದೀ, ಗೊತ್ತಿದ್ದದ್ದೇ ಅಲ್ಲವೇ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ ಸರ್, ನೋಡಿದ ಮೇಲೆ ಗೊತ್ತಾಯಿತು ಎಂದೆ. ಅವರು ಮುಂದಿನ ಪ್ರಶ್ನೆಗೆ ಹೋದರು. ಮೇಡಂ ಮೊದಲ ಸಾಲಿನಲ್ಲಿ, ನನ್ನಿಂದ ಒಂದು ಗೇಣು ಆಚೆಗೆ ದೃಷ್ಟಿಯಿಟ್ಟು ಕೂತಿದ್ದರು. ಅವರು ನನ್ನನ್ನೇ ನೋಡುತ್ತಿದ್ದಾರೆಂದು ತಿಳಿದಿದ್ದವಳು ಆ ಕೋಣೆಯಲ್ಲಿ ನಾನೊಬ್ಬಳೇ.

ಈಗ ಹುಬ್ಬಳ್ಳಿಯ ಪದವಿ ಕಾಲೇಜೊಂದರಲ್ಲಿ ಕಲಿಸುತ್ತೇನೆ. ಶನಿವಾರ ಅರ್ಧ ದಿನ ಮುಗಿಸಿ ಕೆಲಗೇರಿಗೆ ಹೋಗುತ್ತೇನೆ. ಹೊಸದಾಗಿ ಬಂದ ಲೇಖನಗಳನ್ನು ಓದುವುದು ನನ್ನ ಕೆಲಸ. ಕಳೆದ ವಾರದ್ದರಲ್ಲಿ ಹಚ್ಚುವ ಕಿಣ್ವದ ಮೈಮೇಲೆ ಫಾಸ್ಫೇಟು ಕೂರುವ ಒಂದು ಜಾಗದ ವಿಷಯವಿತ್ತು. ಅಲ್ಲಿ ಅದು ಏನು ಮಾಡುತ್ತದೆಂದು ಬರೆದವರಿಗೂ ಇನ್ನೂ ತಿಳಿದಿರಲಿಲ್ಲ. ಮೇಡಂ ಆ ಸಾಲನ್ನು ಎರಡು ಸಲ ಓದಿಸಿದರು. ಆಮೇಲೆ ಅವಲಕ್ಕಿ ತಿಂದೆವು. ಅವರು ಗೇಟಿನ ತನಕ, ಗೋಡೆ ಮುಟ್ಟುತ್ತ ಬಂದರು. ನಾನು ಆರೂವರೆಯ ಬಸ್ಸಿಗೆ ಹೊರಟೆ.